ಅನುದಾನದ ಅರ್ಜಿ ಬರೆಯುವ ಮುನ್ನ ಓದಬೇಕಾದದ್ದು

ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಮಕ್ಕಳ ಗ್ರಂಥಾಲಯಗಳನ್ನು ನಡೆಸುವ ಒಂದು ಸಣ್ಣ ಸಂಸ್ಥೆಯಲ್ಲಿ ಹಣ ಹೊಂದಿಸುವ ಹೊಣೆ ನನ್ನದು. ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಸಾಮಾನ್ಯವಾಗಿ ಮೊದಲು ಕೇಳುವುದು ಒಳ್ಳೆಯ ಪ್ರಸ್ತಾವನೆಯ ಮಾದರಿಯನ್ನು. ನಾನು ಅದನ್ನು ಕೊಡುವುದಕ್ಕೂ ಮುಂಚೆ ಕೆಲವು ಕಂಪನಿಗಳ ವಾರ್ಷಿಕ ವರದಿಗಳನ್ನೂ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ನಿಯಮಗಳ ಪ್ರತಿಯನ್ನೂ ಅವರ ಮುಂದಿಡುತ್ತೇನೆ. ಅನುದಾನ ಹುಡುಕುವ ಕೆಲಸದಲ್ಲಿ ಹೆಚ್ಚಿನ ಸಮಯ ಹೋಗುವುದು, ಹೋಗಬೇಕಾದದ್ದು ಓದಿನಲ್ಲಿ.

2013ರ ಕಂಪನಿಗಳ ಕಾಯ್ದೆಯ 135ನೆಯ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದೊಂದನ್ನು ಮುಟ್ಟಿದ ಕಂಪನಿಯೂ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2ರಷ್ಟನ್ನು ಸಾಮಾಜಿಕ ಕೆಲಸಗಳಿಗೆ ವೆಚ್ಚ ಮಾಡಬೇಕು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಆಡಳಿತ ಮಂಡಳಿ ಒಪ್ಪಿದ ಸಿಎಸ್‌ಆರ್ ಯೋಜನೆಗಳನ್ನು ಕಂಪನಿ ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕೆಂಬ ನಿಯಮವೂ ಇದೆ ಎಂಬುದು, ಕೇಂದ್ರ ಸರ್ಕಾರದ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಯಾವ ಜಿಲ್ಲೆಗೆ ಎಷ್ಟು ಹಣ ಹೋಯಿತೆಂಬ ಮಾಹಿತಿ ಸಿಗುತ್ತದೆ ಎಂಬುದು ಹಲವರ ಗಮನಕ್ಕೆ ಬಂದಿರುವುದಿಲ್ಲ. ನಾನು ಅಲ್ಲಿ ನಮ್ಮ ಜಿಲ್ಲೆಯಿಂದ ಆರಂಭಿಸಿ ಹಿಂದಕ್ಕೆ ಹೋಗುತ್ತೇನೆ: ಇಲ್ಲಿ ಈಗಾಗಲೇ ಹಣ ಹಾಕಿದವರು ಯಾರು, ಒಂದೇ ರೀತಿಯ ಕೆಲಸಕ್ಕೆ ಮರುವರ್ಷವೂ ಕೊಟ್ಟಿದ್ದಾರೆಯೇ, ಅವರು ಕೊಟ್ಟ ಅತಿ ಚಿಕ್ಕ ಮೊತ್ತ ಎಷ್ಟು. ಆ ಅತಿ ಚಿಕ್ಕ ಮೊತ್ತವೇ ನಮ್ಮ ಇಡೀ ವರ್ಷದ ಬಜೆಟ್ಟಿನ ಹಲವು ಪಟ್ಟಿದ್ದರೆ, ಅವರ ಧ್ಯೇಯವಾಕ್ಯ ಎಷ್ಟೇ ಚೆನ್ನಾಗಿದ್ದರೂ ಆ ಬಾಗಿಲು ನಮ್ಮದಲ್ಲ.

ಕಂಪನಿ ತಾನು ಕೆಲಸ ಮಾಡುವ ಸ್ಥಳ ಮತ್ತು ಅದರ ಆಸುಪಾಸಿಗೆ ಆದ್ಯತೆ ಕೊಡಬೇಕೆಂದು ಅದೇ ಸೆಕ್ಷನ್ ಹೇಳುವುದರಿಂದ, ಬೆಂಗಳೂರಿನಿಂದ ದೂರವಿರುವ ನಮ್ಮಂಥವರಿಗೆ ಪಟ್ಟಿ ಕಿರಿದಾಗುತ್ತದೆ. ನಮಗೆ ಅನುಕೂಲವಾದ ಒಂದು ಸಂಗತಿಯೂ ಇದೆ. 2018ರಲ್ಲಿ ಹಿಂದುಳಿದ ಜಿಲ್ಲೆಗಳನ್ನು ಮೇಲೆತ್ತುವ ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಸೇರಿದವು ರಾಯಚೂರು ಮತ್ತು ಯಾದಗಿರಿ. ಕೇಂದ್ರದ ಸಾರ್ವಜನಿಕ ಉದ್ದಿಮೆಗಳು ತಮ್ಮ ಸಿಎಸ್‌ಆರ್ ವೆಚ್ಚದಲ್ಲಿ ಇಂಥ ಜಿಲ್ಲೆಗಳಿಗೆ ಆದ್ಯತೆ ಕೊಡಬಹುದೆಂಬ ಮಾರ್ಗಸೂಚಿ ಅದೇ ವರ್ಷ ಬಂದಿತು. ಆದ್ದರಿಂದ ಅಂಥ ಉದ್ದಿಮೆಗಳಿಗೆ ಬರೆಯುವ ಪತ್ರದಲ್ಲಿ ನಮ್ಮ ಸಂಸ್ಥೆಯ ಕಥೆಗಿಂತ ಮೊದಲು ಜಿಲ್ಲೆಯ ಹೆಸರು ಬರುತ್ತದೆ.

ಓದಿನ ಪ್ರಯೋಜನ ಎದ್ದು ಕಾಣುವುದು ಆಡಳಿತ ವೆಚ್ಚದ ಪ್ರಶ್ನೆಯಲ್ಲಿ. ಕಾನೂನಿನ ಪ್ರಕಾರ ಶೇ. 5ಕ್ಕಿಂತ ಹೆಚ್ಚು ಆಡಳಿತ ವೆಚ್ಚ ಕೊಡಲಾಗದು ಎಂದು ಕಂಪನಿಯ ಅಧಿಕಾರಿಗಳು ಹೇಳುವುದು, ಸಂಸ್ಥೆಯವರು ತಲೆಯಾಡಿಸಿ ಗ್ರಂಥಪಾಲಕಿಯ ಗೌರವಧನವನ್ನೋ ಲೆಕ್ಕಿಗರ ಸಂಬಳವನ್ನೋ ಬಜೆಟ್ಟಿನಿಂದ ಕಿತ್ತುಹಾಕುವುದು ನಮ್ಮ ವಲಯದಲ್ಲಿ ಮಾಮೂಲಿ. ನಿಯಮವನ್ನು ಓದಿದರೆ ಆ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗವನ್ನು ನಡೆಸಲು ಮಾಡುವ ಖರ್ಚಿಗೆ ಎಂದು ತಿಳಿಯುತ್ತದೆ. ಕಂಪನಿಯ ಹಣದಿಂದ ಕೆಲಸ ನಡೆಸುವ ನಮ್ಮಂಥ ಅನುಷ್ಠಾನ ಸಂಸ್ಥೆಯ ಖರ್ಚು ಆ ಶೇ. 5ರೊಳಗೆ ಬರುವುದಿಲ್ಲವೆಂದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2021ರ ಆಗಸ್ಟಿನ ಪ್ರಶ್ನೋತ್ತರ ರೂಪದ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಹಾಗೆಂದು ಕಂಪನಿಯವರು ಸ್ವಂತ ನೀತಿಯಿಂದ ಮಿತಿ ಹಾಕಬಾರದೆಂದಿಲ್ಲ. ಅದು ಅವರ ಇಷ್ಟ, ಚೌಕಾಸಿಗೆ ಅವಕಾಶವಿರುವ ಇಷ್ಟ. ಕಾನೂನನ್ನು ಅಡ್ಡ ತಂದಾಗ ಮಾತ್ರ ನಾನು ಆ ಪುಟವನ್ನು ವಿನಯದಿಂದಲೇ ಅವರ ಮುಂದಿಡುತ್ತೇನೆ. ಮೇಲ್ವಿಚಾರಕರ ಬಸ್ ಖರ್ಚನ್ನು ‘ಇತರೆ’ ಎಂಬ ತಲೆಬರಹದಡಿ ಬಚ್ಚಿಡದೆ, ಯಾವ ಚಟುವಟಿಕೆಗೆ ಯಾರ ಎಷ್ಟು ಸಮಯ ಬೇಕೆಂದು ಬಿಡಿಸಿ ತೋರಿಸಿದರೆ ಮಾತುಕತೆ ಸಲೀಸಾಗುತ್ತದೆ.

ಇದರ ಜೊತೆಗೆ ಹಲವರು ಬೆರೆಸಿಬಿಡುವ, ಆಡಳಿತ ವೆಚ್ಚದ ಶೇ. 20ರ ಮಿತಿ ಬೇರೆಯೇ ಕಾನೂನಿನದು. ಅದು ವಿದೇಶಿ ದೇಣಿಗೆಯ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿ. ಅದಕ್ಕೂ ಮೊದಲು ಮಿತಿ ಶೇ. 50 ಇತ್ತು. ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವುದನ್ನೂ ಅದೇ ತಿದ್ದುಪಡಿ ನಿಲ್ಲಿಸಿತು. ದೊಡ್ಡ ಸಂಸ್ಥೆಗಳ ಮೂಲಕ ಸಣ್ಣವರಿಗೆ ಬರುತ್ತಿದ್ದ ನೆರವಿನ ದಾರಿ ಮುಚ್ಚಿದ್ದು ಹೀಗೆ.

ಕಾಗದಪತ್ರಗಳ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. 12ಎ ಎಂದು ಕರೆಯುವ ಆದಾಯ ತೆರಿಗೆ ವಿನಾಯಿತಿಯ ನೋಂದಣಿ, ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ, 2021ರ ಏಪ್ರಿಲ್‌ನಿಂದ ಕಡ್ಡಾಯವಾದ ಸಿಎಸ್‌ಆರ್-1 ನೋಂದಣಿ, ಮೂರು ವರ್ಷಗಳ ಕೆಲಸದ ದಾಖಲೆ, ಲೆಕ್ಕಪರಿಶೋಧನೆಯ ವರದಿ, ಇವು ಒಂದೇ ಫೋಲ್ಡರಿನಲ್ಲಿದ್ದರೆ ಸಾಕು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ, ಮುಂಬೈನ ಟಾಟಾ ಟ್ರಸ್ಟ್‌ಗಳಂಥ ದತ್ತಿ ಸಂಸ್ಥೆಗಳು ಈ ಶೇ. 2ರ ಲೆಕ್ಕಕ್ಕೆ ಕಟ್ಟುಬಿದ್ದವಲ್ಲವಾದ್ದರಿಂದ, ಸಿಬ್ಬಂದಿಯನ್ನು ಬೆಳೆಸುವಂಥ ನಿಧಾನದ ಕೆಲಸಕ್ಕೆ ನಾನು ಮೊದಲು ನೋಡುವುದು ಆ ಕಡೆಗೆ.

ಕಂಪನಿಗಳ ಕ್ಯಾಲೆಂಡರ್ ಮಾತ್ರ ಬೇರೆ. ಬಹುವರ್ಷದ ಯೋಜನೆಯೆಂದು ಮಂಡಳಿ ಒಪ್ಪಿದ್ದರೆ, ಉಳಿದ ಹಣವನ್ನು ಆರ್ಥಿಕ ವರ್ಷ ಮುಗಿದ 30 ದಿನಗಳೊಳಗೆ ಪ್ರತ್ಯೇಕ ಖಾತೆಗೆ ಹಾಕಿ ಮುಂದಿನ ಮೂರು ವರ್ಷಗಳಲ್ಲಿ ಬಳಸಬಹುದು. ಇಲ್ಲವಾದರೆ 6 ತಿಂಗಳೊಳಗೆ ಅದು ಪ್ರಧಾನಿಯವರ ಪರಿಹಾರ ನಿಧಿಯಂಥ, ಕಂಪನಿಗಳ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಹೆಸರಿಸಿದ ನಿಧಿಯೊಂದಕ್ಕೆ ಹೋಗಬೇಕು. ಹೀಗಾಗಿ ಯೋಜನೆಯನ್ನು ಆರಂಭದಲ್ಲೇ ಬಹುವರ್ಷದ್ದಾಗಿ ರೂಪಿಸುವಂತೆ ಕಂಪನಿಯವರನ್ನು ಕೇಳಿಕೊಳ್ಳುತ್ತೇವೆ. ಜನವರಿ ದಾಟಿದ ಮೇಲೆ, ಮಾರ್ಚ್ 31ರೊಳಗೆ ಖರ್ಚು ಮಾಡಬಲ್ಲಿರಾ ಎಂಬ ಕರೆಗಳು ಬರುತ್ತವೆ. ಅವುಗಳಿಗಾಗಿ ಪುಸ್ತಕ, ಕಪಾಟು, ಓದುವ ಮೇಜು, ಛಾವಣಿ ದುರಸ್ತಿಗಳ ಪಟ್ಟಿಯನ್ನು ದರಪಟ್ಟಿಗಳ ಸಮೇತ ಡಿಸೆಂಬರಿನಲ್ಲೇ ಸಿದ್ಧವಿಡುತ್ತೇವೆ. ಸಿಬ್ಬಂದಿಯ ವೇತನವನ್ನು ಮಾತ್ರ ಆ ಹಣಕ್ಕೆ ಜೋಡಿಸುವುದಿಲ್ಲ, ಏಕೆಂದರೆ ಏಪ್ರಿಲ್‌ನಲ್ಲೂ ಗ್ರಂಥಾಲಯದ ಬಾಗಿಲು ತೆರೆಯಬೇಕು.