ಕುಂಡಕ್ಕೆ ಮೊಳೆ ಹಾಕಿದರೆ ಗಿಡಕ್ಕೆ ಕಬ್ಬಿಣ ಸಿಗುತ್ತದೆಯೇ?

ಇಲ್ಲ. ಪುರುಸೊತ್ತಿಲ್ಲದವರು ಇಲ್ಲಿಗೇ ನಿಲ್ಲಿಸಬಹುದು.

ಮಣ್ಣಿನ ಬಗ್ಗೆ ಓದಿದವನೆಂದು ಗೊತ್ತಾದರೆ ಸಾಕು, ಜನ ಮೊಬೈಲ್ ಚಾಚುತ್ತಾರೆ. ಒಂದು ಮದುವೆ ಊಟದಲ್ಲಿ, ಸರಿಯಾಗಿ ಪಾಯಸ ಬಡಿಸುವ ಹೊತ್ತಿಗೆ, ಪಕ್ಕದಲ್ಲಿ ಕೂತಿದ್ದ ಹಿರಿಯರು ದಾಸವಾಳದ ಫೋಟೊ ತೋರಿಸಿದರು. ಚಿಗುರೆಲೆಯೆಲ್ಲ ಹಳದಿ, ನರಗಳು ಮಾತ್ರ ಹಸಿರು. “ಕಬ್ಬಿಣ ಕಡಿಮೆ ತಾನೇ? ಒಂದು ಹಿಡಿ ತುಕ್ಕು ಮೊಳೆ ಹಾಕಿದ್ದೇನೆ. ಇನ್ನೆಷ್ಟು ಹಾಕಲಿ?”

ಕೊರತೆಯನ್ನು ಗುರುತಿಸಿದ್ದು ಸರಿಯೇ. ಹಳೆಯ ಎಲೆಯ ಕಬ್ಬಿಣ ಸುಲಭವಾಗಿ ಚಿಗುರಿಗೆ ಸಾಗುವುದಿಲ್ಲ, ಹಾಗಾಗಿ ಮೊದಲು ಹಳದಿಯಾಗುವುದು ಚಿಗುರೇ. ನನಗೆ ರೇಗಿದ್ದು ಆ ‘ಎಷ್ಟು ಹಾಕಲಿ’ಗೆ. ಸ್ವಾಮೀ, ಭೂಮಿಯ ಹೊರಪದರದ ತೂಕದಲ್ಲಿ ಸುಮಾರು ಶೇ 5ರಷ್ಟು ಕಬ್ಬಿಣವೇ ಇದೆ. ಕೆಮ್ಮಣ್ಣು ಕೆಂಪಗಿರುವುದೂ ಅದರಿಂದಲೇ. ಇಲ್ಲದಿರುವುದು ಕರಗಿದ ಕಬ್ಬಿಣ. ಮಣ್ಣಿನ ಹುಳಿ-ಕ್ಷಾರ ಅಳೆಯುವ ಪಿಎಚ್ ಒಂದು ಅಂಕ ಏರಿದರೆ, ಅಂದರೆ ಹುಳಿ ಇಳಿದರೆ, ಫೆರಿಕ್ ಕಬ್ಬಿಣ (ತುಕ್ಕಿನಲ್ಲಿರುವ ರೂಪ) ಕರಗುವ ಪ್ರಮಾಣ ಸಾವಿರ ಪಟ್ಟು ಇಳಿಯುತ್ತದೆ. ಗಡಸು ಬೋರ್‌ವೆಲ್ ನೀರು ಪಿಎಚ್ ಏರಿಸುತ್ತದೆ; ಅದನ್ನೇ ದಿನವೂ ಹೊಯ್ಯುವ ಕುಂಡದಲ್ಲಿ ನಿಮ್ಮ ಮೊಳೆ ತುಕ್ಕಾಗಿಯೇ ಕೂತಿರುತ್ತದೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆ ಚಿಗುರಿಗೆ ಸಿಂಪಡಿಸಿ. ಮುಗಿಯಿತು.

ಇಷ್ಟಾಗಿಯೂ, ಕಬ್ಬಿಣ ಸಿಗದಾಗ ಬೇರು ಏನು ಮಾಡುತ್ತದೆ ಎಂದು ಒಬ್ಬರೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ದಾಸವಾಳ, ಕಡಲೆಕಾಯಿಯಂಥ ಗಿಡಗಳು ಬೇರಿನಿಂದ ಪ್ರೋಟಾನ್ (ಹುಳಿಗೆ ಕಾರಣವಾದ ಹೈಡ್ರೋಜನ್ ಅಯಾನು) ಹೊರಹಾಕಿ ಸುತ್ತಲಿನ ಮಣ್ಣನ್ನು ಹುಳಿ ಮಾಡುತ್ತವೆ. ಬೇರಿನ ಹೊರಪದರದ ಕಿಣ್ವ ಫೆರಿಕ್ ಕಬ್ಬಿಣವನ್ನು ಸುಲಭವಾಗಿ ಕರಗುವ ಫೆರಸ್ ರೂಪಕ್ಕೆ ಬದಲಿಸಿದ ಮೇಲೆಯೇ ಅದು ಒಳಗೆ ಹೋಗುವುದು. ಮಣ್ಣಿನಲ್ಲಿ ಹುಳಿಯನ್ನು ಮುರಿಯುವ ಬೈಕಾರ್ಬನೇಟ್ ಹೆಚ್ಚಿದ್ದರೆ ಬೇರು ಸುರಿದ ಹುಳಿಯೆಲ್ಲ ವ್ಯರ್ಥ. ಪಾಪದ ಬೇರು, ದುಡಿಯುತ್ತಲೇ ಇರುತ್ತದೆ; ಬೈಗುಳ ಮಾತ್ರ ಗೊಬ್ಬರದಂಗಡಿಗೆ.

ಹುಲ್ಲಿನ ಕುಲದ್ದು ಬೇರೆಯೇ ಉಪಾಯ. ಬಾರ್ಲಿಯ ಬೇರು ಮುಗಿನೀಕ್ ಆಮ್ಲದ ಬಳಗದ ವಸ್ತುವನ್ನು ಮಣ್ಣಿಗೆ ಬಿಡುತ್ತದೆ, ಅದು ಫೆರಿಕ್ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ, ಎರಡನ್ನೂ ಬೇರು ಒಟ್ಟಿಗೇ ಒಳಗೆಳೆದುಕೊಳ್ಳುತ್ತದೆ. ಅದೂ ಹೊತ್ತು ನೋಡಿ: ಸೂರ್ಯ ಹುಟ್ಟಿದ ಮೇಲಿನ ಕೆಲವೇ ಗಂಟೆಗಳಲ್ಲಿ. ಜಪಾನಿನ ವಿಜ್ಞಾನಿ ತಕಾಗಿ 1976ರಲ್ಲಿ ಈ ಸ್ರಾವದ ಗುಟ್ಟು ಹೊರಗೆಡಹಿದರು.

ಚೀನಾದ ಸುಣ್ಣದ ಮಣ್ಣಿನಲ್ಲಿ ಕಡಲೆಕಾಯಿಯನ್ನು ಒಂಟಿಯಾಗಿ ಬಿತ್ತಿದರೆ ಹಳದಿಯಾಗುತ್ತದೆ. ಹುಲ್ಲಿನ ಕುಲದ್ದೇ ಆದ ಮೆಕ್ಕೆಜೋಳದ ಸಾಲಿಗೆ ತಾಗಿ ಬಿತ್ತಿದರೆ, ಬೇರುಗಳು ಬೆರೆತಷ್ಟು ದೂರ ಹಸಿರಾಗಿರುತ್ತದೆ. ಮೆಕ್ಕೆಜೋಳ ತನಗೆಂದು ಕರಗಿಸಿಕೊಂಡ ಕಬ್ಬಿಣದಲ್ಲಿ ನೆರೆಯ ಕಡಲೆಕಾಯಿಗೂ ಪಾಲು ಸಿಗುತ್ತದೆ.