ಗುಮ್ಮ ದೆವ್ವ ಅಲ್ಲವಂತೆ

"ಗುಮ್ಮ ದೆವ್ವ ಅಲ್ಲ ಅಮ್ಮಾ. ಅವನು ಟೀಚರ್."

ಕಳೆದ ವಾರ ಊಟದ ಹೊತ್ತಲ್ಲಿ ಮಗಳು ಹೇಳಿದ ಮಾತಿದು. ಸಾರನ್ನ ಅರ್ಧಕ್ಕೇ ಬಿಟ್ಟು ತಟ್ಟೆ ತಳ್ಳಿದ್ದಳು. ನಾನು ಅಭ್ಯಾಸಬಲದಿಂದ "ಗುಮ್ಮ ಬರ್ತಾನೆ ನೋಡು" ಅಂದೆ. ಅವಳು ಬೆರಳು ಮಡಚುತ್ತಾ ಹೋದಳು. ಊಟ ಮಾಡದಿದ್ರೆ ಬರ್ತಾನೆ. ಮಲಗದಿದ್ರೆ ಬರ್ತಾನೆ. ಹಲ್ಲುಜ್ಜದಿದ್ರೆ ಬರ್ತಾನೆ. ಎಲ್ಲ ಸರಿಯಾಗಿ ಮಾಡಿದವರ ಮನೆಗೆ ಬರೋದೇ ಇಲ್ಲ. ದೆವ್ವ ಆದ್ರೆ ಯಾರ ಮನೆಗೆ ಬೇಕಾದ್ರೂ ಬರುತ್ತೆ, ಅಲ್ವಾ?

ಇಷ್ಟೆಲ್ಲ ದೆವ್ವಜ್ಞಾನ ಬಂದಿದ್ದು ಇಲ್ಲಿನ ಲೈಬ್ರರಿಯಿಂದ. ಅಮೆರಿಕದ ಹಡ್ಸನ್ ನದಿ ದಂಡೆಯ ನಮ್ಮೂರಲ್ಲಿ ಅಕ್ಟೋಬರ್ ಬಂತೆಂದರೆ, ಹ್ಯಾಲೊವೀನ್ ಎಂಬ ದೆವ್ವದ ಹಬ್ಬಕ್ಕೆಂದು, ಮಕ್ಕಳ ವಿಭಾಗದ ಮುಂದಿನ ಕಪಾಟಿಗೆಲ್ಲ ಕಿತ್ತಳೆ, ಕಪ್ಪು ಬಣ್ಣ. ಬೆನ್ನಿಗೆ ಕುಂಬಳಕಾಯಿ ಚೀಟಿ ಅಂಟಿಸಿದ ಪುಸ್ತಕಗಳು. ಹೆದರಿಕೆಯನ್ನೂ ವಯಸ್ಸು ನೋಡಿ ಬಡಿಸುತ್ತಾರೆ. ತೀರಾ ಚಿಕ್ಕವರಿಗೆ, ತಾನೇ ಕತ್ತಲಿಗೆ ಹೆದರುವ ಪಾಪದ ದೆವ್ವ. ಓದಲು ಕಲಿತವರಿಗೆ ಸ್ವಲ್ಪ ಖಾರ ಜಾಸ್ತಿ.

ಮಗಳು ತಂದಿದ್ದು ಆಲ್ವಿನ್ ಶ್ವಾರ್ಟ್ಸ್‌ನ 'ಇನ್ ಎ ಡಾರ್ಕ್, ಡಾರ್ಕ್ ರೂಮ್'. 1984ರ ಪುಸ್ತಕ. ಪುಟ್ಟ ಪುಟ್ಟ ವಾಕ್ಯಗಳ ಏಳು ಕಥೆ, ಅಷ್ಟೇ. ಅದರಲ್ಲೊಂದು ಜೆನ್ನಿಯದು. ಕುತ್ತಿಗೆಗೆ ಯಾವಾಗಲೂ ಹಸಿರು ರಿಬ್ಬನ್. ಯಾಕೆ ಅಂತ ಕೇಳಿದರೆ ಹೇಳಳು. ಮದುವೆಯಾದ ಮೇಲೂ ಗಂಡನಿಗೂ ಹೇಳಳು. ಮುದುಕಿಯಾಗಿ ಸಾಯುವ ಹೊತ್ತಿಗೆ "ಈಗ ಬಿಚ್ಚು" ಅನ್ನುತ್ತಾಳೆ. ಬಿಚ್ಚಿದರೆ ತಲೆ ಉರುಳುತ್ತದೆ. ಕಥೆ ಮುಗಿಯಿತು. ನೀತಿ ಎಲ್ಲಿ ಅಂತ ನಾನು ಪುಟ ತಿರುಗಿಸಿ ನೋಡಿದೆ. ಇರಲಿಲ್ಲ.

ಇಲ್ಲಿನ ಅಪ್ಪ ಅಮ್ಮಂದಿರೆಲ್ಲ ಇದನ್ನು ನಗುನಗುತ್ತಾ ಒಪ್ಪಿಕೊಂಡರು ಅಂದುಕೊಳ್ಳಬೇಡಿ. ಸ್ವಲ್ಪ ದೊಡ್ಡ ಮಕ್ಕಳಿಗೆಂದು ಇದೇ ಶ್ವಾರ್ಟ್ಸ್ 1981ರಲ್ಲಿ ಶುರುಮಾಡಿದ ದೆವ್ವದ ಕಥೆಗಳ ಸರಣಿ, 1990ರ ದಶಕದಲ್ಲಿ ಅಮೆರಿಕದ ಲೈಬ್ರರಿಗಳಲ್ಲಿ ಅತಿ ಹೆಚ್ಚು ತಕರಾರು ಎದುರಿಸಿದ ಪುಸ್ತಕ. ಆದರೆ ಇದೇ ದೇಶದಲ್ಲಿ, ನಮಗೆ ಹತ್ತಿರದ ಒಂದು ಹಳ್ಳಿ 1996ರಲ್ಲಿ ನಾರ್ತ್ ಟ್ಯಾರಿಟೌನ್ ಎಂಬ ಹೆಸರು ಬಿಟ್ಟು ಸ್ಲೀಪಿ ಹಾಲೋ ಆಯಿತು. ಕುದುರೆಯೇರಿ ಬರುವ ತಲೆಯಿಲ್ಲದ ಸವಾರನ ಕಥೆ ನಡೆಯುವ ಜಾಗ ಅದು, 1820ರ ಕಥೆ. ದೆವ್ವದ ಊರು ಅನ್ನಿಸಿಕೊಳ್ಳುವುದು ಅವರಿಗೆ ಹೆಮ್ಮೆ!

ನಮ್ಮಮ್ಮನಿಗೆ ಮಾತ್ರ ಸಿಟ್ಟು. ವಿಡಿಯೋ ಕಾಲ್‌ನಲ್ಲಿ ಮೊಮ್ಮಗಳ ಕೈಯಲ್ಲಿದ್ದ ಪುಸ್ತಕ ನೋಡಿ, "ಎಂತ ಓದಿಸ್ತೀಯ ಮಾರಾಯ್ತಿ, ರಾತ್ರಿ ಮಗು ಬೆಚ್ಚಿ ಬೀಳಲ್ವಾ? ಪಂಚತಂತ್ರ ಕಳಿಸಿದ್ದೆನಲ್ಲ?" ಅಂದರು. ಕಳಿಸಿದ್ದು ನಿಜ. ಒಂದು ರಟ್ಟಿನ ಡಬ್ಬದ ತುಂಬ. ಪ್ರತಿ ಕಥೆಯ ಕೊನೆಗೆ ದಪ್ಪಕ್ಷರದಲ್ಲಿ 'ನೀತಿ:'. ಮಗಳು ಈಗೀಗ ಮೊದಲು ಅದನ್ನೇ ಓದಿ, ಕಥೆ ಬಿಟ್ಟುಬಿಡುತ್ತಾಳೆ.

ನಾನು ಬೆಳೆದ ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಇಂಥ ಮರ್ಯಾದೆಯ ಕಥೆ ಯಾರೂ ಹೇಳುತ್ತಿರಲಿಲ್ಲ. ಅಲ್ಲಿ ದೆವ್ವದ ಸೀಸನ್ ಅಂದರೆ ಮಳೆಗಾಲ. ಆಷಾಢದಲ್ಲಿ ಕರೆಂಟು ಹೋದರೆ ಬರುವುದು ಯಾವಾಗಲೋ. ಬಚ್ಚಲೊಲೆಯ ಕೆಂಡದಲ್ಲಿ ಹಲಸಿನ ಬೀಜ ಹುದುಗಿಸಿ ಸುತ್ತ ಕೂರುತ್ತಿದ್ದೆವು. ಕೈಯೆಲ್ಲ ಬೂದಿ. ಒಂದೊಂದು ಬೀಜ ಪಟ್ ಅಂತ ಸಿಡಿದಾಗ ಸಣ್ಣವರು ಚೀರುವುದು, ದೊಡ್ಡಪ್ಪ ಆ ಹೊತ್ತಿಗೇ ಕಾದು ದನಿ ತಗ್ಗಿಸುವುದು.

ಅವರ ಖಾಸಾ ಕಥೆ ಇದು. ಕತ್ತಲಲ್ಲಿ ಸಂತೆಯಿಂದ ಒಬ್ಬನೇ ಬರುತ್ತಿದ್ದವನಿಗೆ ದಾರಿಯಲ್ಲೊಬ್ಬ ಜೊತೆಯಾಗುತ್ತಾನೆ. ಬೀಡಿಗೆ ಬೆಂಕಿ ಕೇಳುತ್ತಾನೆ. ಕಡ್ಡಿ ಗೀರಿದ ಬೆಳಕಲ್ಲಿ ನೋಡಿದರೆ ಅವನ ಪಾದ ಹಿಂದುಮುಂದು. ಎದ್ದುಬಿದ್ದು ಓಡಿದವನು ಮುಂದೆ ಸಿಕ್ಕ ಅಂಗಡಿಯವನಿಗೆ ಏದುಸಿರಲ್ಲಿ ಹೇಳುತ್ತಾನೆ. ಅಂಗಡಿಯವ ಲಾಟೀನು ಕೆಳಗಿಳಿಸಿ ತನ್ನ ಕಾಲು ತೋರಿಸುತ್ತಾನೆ: "ಹಿಂಗಿತ್ತೇನೋ?"

ಶ್ವಾರ್ಟ್ಸ್‌ನ ಪುಸ್ತಕದಲ್ಲೂ ಇದರ ದಾಯಾದಿಯೊಂದಿದೆ. ಅಲ್ಲಿ ಪಾದದ ಬದಲು ಹಲ್ಲು. ರಾತ್ರಿ ಮನೆಗೆ ಹೊರಟ ಹುಡುಗನಿಗೆ ಉದ್ದ ಹಲ್ಲಿನವನೊಬ್ಬ ಸಿಗುತ್ತಾನೆ, ಓಡಿದರೆ ಮುಂದೆ ಸಿಕ್ಕವನ ಹಲ್ಲು ಇನ್ನೂ ಉದ್ದ. ಅದನ್ನು ಓದಿದ ದಿನ ನನಗೆ ಹೊಟ್ಟೆಕಿಚ್ಚಾಯಿತು. ಇವರು ಅಜ್ಜ ಅಜ್ಜಿಯರ ಬಾಯಲ್ಲಿದ್ದದ್ದನ್ನು ಹಾಗೇ ಎತ್ತಿ ಮಕ್ಕಳ ಕೈಗಿಟ್ಟರು. ನಮ್ಮ ಮನೆಯ ದೆವ್ವಗಳು ಒಲೆಯ ಮುಂದೆ ಮೆರೆದದ್ದೇ ಬಂತು, ಡಬ್ಬದಲ್ಲಿ ಬಂದ ಪುಸ್ತಕಗಳಲ್ಲಿ ಒಂದೂ ಇಲ್ಲ. ಅಲ್ಲಿದ್ದ ಒಬ್ಬನೇ ರಾಕ್ಷಸ ಕೊನೆಗೆ ತಪ್ಪೊಪ್ಪಿಕೊಂಡು ತರಕಾರಿ ತಿನ್ನತೊಡಗುತ್ತಾನೆ! ಬೆಂಗಳೂರಲ್ಲಿ ಒಂದು ಕಾಲಕ್ಕೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರಲ್ಲ, ಓದಿಕೊಂಡು ಹೇಳಿದ ಮಾತು ಕೇಳಿ ವಾಪಸು ಹೋಗುವ ಆ ಸಾಕ್ಷರ ದೆವ್ವಕ್ಕೊಂದು ಮಕ್ಕಳ ಪುಸ್ತಕ ಬೇಡವೇ? ಮಳೆಗಾಲ ಶುರುವಾಗುವ ಮುಂಚೆ ಊರ ಲೈಬ್ರರಿಯ ಮುಂದಿನ ಸಾಲಲ್ಲಿ, ಕೊಡೆಯ ಚೀಟಿ ಅಂಟಿಸಿ ಇಡಬೇಕು.

ಮೊನ್ನೆ ಶನಿವಾರ ದೊಡ್ಡಪ್ಪನ ಕಥೆಯನ್ನೇ ಮಗಳಿಗೆ ಹೇಳಿದೆ. ಸಂತೆ, ಬೀಡಿ, ಲಾಟೀನು ಎಲ್ಲ ಇತ್ತು. ಕಾಲು ತೋರಿಸುವಲ್ಲಿ ಸೋಫಾ ಮೇಲಿದ್ದ ಅವಳ ಪಾದ ಎರಡೂ ಸರಕ್ಕನೆ ರಗ್ಗಿನೊಳಗೆ ಹೋದವು. ಆಮೇಲೆ ಇನ್ನೊಮ್ಮೆ ಹೇಳು ಅಂತ ದುಂಬಾಲು. ಅಷ್ಟರಲ್ಲಿ ಅಮ್ಮನ ಕಾಲ್ ಬಂತು. ಮೊಮ್ಮಗಳೇ ಫೋನ್ ಕಸಿದುಕೊಂಡು ಅಜ್ಜಿಗೆ ಪೂರ್ತಿ ಕಥೆ ಒಪ್ಪಿಸಿದಳು. ಇವತ್ತು ನನಗೆ ಬೈಗುಳ ಗ್ಯಾರಂಟಿ ಅಂದುಕೊಂಡು ಅಡುಗೆಮನೆ ಕಡೆ ಜಾರಿದೆ.

"ಯಾರೇ ನಿಂಗೆ ಅಂಗಡಿಯವನು ಅಂತ ಹೇಳಿದ್ದು?" ಅಮ್ಮನ ದನಿ ಅಲ್ಲಿಗೇ ಕೇಳಿತು. "ಆ ಹೊತ್ತಲ್ಲಿ ಯಾವ ಅಂಗಡಿ ತೆಗೆದಿರುತ್ತೆ? ಎತ್ತಿನಗಾಡಿಯವನು ಅದು. ನಿಮ್ಮಮ್ಮಂಗೆ ಕಥೆ ಹೇಳೋಕೆ ಬರಲ್ಲ. ಕೂತ್ಕೋ, ನಾನು ಹೇಳ್ತೀನಿ."