ಕಲೋನ್ ಇಟ್ಟುಕೊಂಡ ಸನ್ಯಾಸಿ

ಊರಿಂದ ಯಾರೇ ಬರಲಿ, ಜರ್ಮನಿಯ ಕಲೋನ್‌ನಲ್ಲಿ ಮೊದಲು ನೋಡುವುದು ರೈಲು ನಿಲ್ದಾಣದ ಪಕ್ಕದ ಕ್ಯಾಥೆಡ್ರಲ್. 157 ಮೀಟರ್ ಎತ್ತರದ ಜೋಡಿ ಗೋಪುರ, ಸೆಲ್ಫಿಗೆ ಸಿಗುವುದೇ ಕಷ್ಟ. ಅದು ಮುಗಿದ ಮೇಲೆ ನಾನು ಅವರನ್ನು ಅಂಗಡಿ ಬೀದಿಯ ಹಿಂದಿರುವ ಮಿನೊರಿಟೆನ್ ಚರ್ಚಿಗೂ ಎಳೆದೊಯ್ಯುತ್ತೇನೆ. ಫ್ರಾನ್ಸಿಸ್ಕನ್ ಸನ್ಯಾಸಿಗಳು ಕಟ್ಟಿದ್ದು. ಭಿಕ್ಷೆಯ ಮೇಲೆ ಬದುಕುವ ಪಂಥವಲ್ಲವೇ, ದೊಡ್ಡ ಗೋಪುರದ ಗೊಡವೆಗೇ ಹೋಗಿಲ್ಲ. ಒಳಗೊಂದು ಕಲ್ಲಿನ ಸಮಾಧಿ, ಅದೇ ಪಂಥದ ದೇವಶಾಸ್ತ್ರ ಪಂಡಿತ ಜಾನ್ ಡನ್ಸ್ ಸ್ಕೋಟಸ್‌ನದು.

ಅದರ ಮೇಲಿನ ಲ್ಯಾಟಿನ್ ಬರಹ ಹೇಳುವುದಿಷ್ಟು: ಸ್ಕಾಟ್ಲೆಂಡ್ ನನ್ನನ್ನು ಹೆತ್ತಿತು, ಇಂಗ್ಲೆಂಡ್ ಬರಮಾಡಿಕೊಂಡಿತು, ಫ್ರಾನ್ಸ್ ಕಲಿಸಿತು, ಕಲೋನ್ ಇಟ್ಟುಕೊಂಡಿದೆ. ವೀಸಾ, ವಾಸದ ಪರವಾನಗಿ ಎಂದು ಫೈಲು ಹಿಡಿದು ಅಲೆಯುವ ನಮ್ಮಂಥವರಿಗೆ ಹೊಟ್ಟೆಕಿಚ್ಚು ತರಿಸುವಷ್ಟು ಚುಟುಕಾದ ಬಯೋಡೇಟಾ!

ಮಜಾ ಏನೆಂದರೆ, ಈತ ಇಲ್ಲಿದ್ದದ್ದು ಹೆಚ್ಚೆಂದರೆ ವರ್ಷ ಚಿಲ್ಲರೆ. 1307ರಲ್ಲಿ ಪಾಠ ಹೇಳಲು ಬಂದ, 1308ರ ನವೆಂಬರ್ 8ರಂದು ತೀರಿಕೊಂಡ. ಆದರೂ ಆತನ 700ನೇ ಪುಣ್ಯತಿಥಿಯ ವರ್ಷ, 2008ರ ಅಕ್ಟೋಬರ್‌ನಲ್ಲಿ, ಪೋಪ್ 16ನೇ ಬೆನೆಡಿಕ್ಟ್ ಬರೆದ ಪತ್ರ ಶುರುವಾಗುವುದೇ ಊರನ್ನು ಕೂಗಿ ಕರೆದು: ಹಿಗ್ಗು, ಕಲೋನ್ ನಗರವೇ! ಇಂಥವನನ್ನು ನಿನ್ನ ಕೋಟೆಯೊಳಗೆ ಬರಮಾಡಿಕೊಂಡೆಯಲ್ಲ, ಅದಕ್ಕೆ ಹಿಗ್ಗು ಎನ್ನುವ ಧಾಟಿ.

ಕಲೋನ್‌ಗೆ ಬರುವ ಮೊದಲೇ ಒಮ್ಮೆ ಊರು ಬಿಟ್ಟವನು ಸ್ಕೋಟಸ್. 1303ರಲ್ಲಿ ಫ್ರಾನ್ಸಿನ ದೊರೆ 4ನೇ ಫಿಲಿಪ್‌ಗೂ ಪೋಪ್ 8ನೇ ಬೊನಿಫಾಸ್‌ಗೂ ಜಟಾಪಟಿ ತಾರಕಕ್ಕೇರಿತು. ದೊರೆಯ ಪರ ನಿಲ್ಲಲೊಲ್ಲದೆ ಆಗ ತಾನಿದ್ದ ಪ್ಯಾರಿಸ್ಸನ್ನೇ ತೊರೆದ, ಆಮೇಲೆ ವಾಪಸಾದ.

ನಾನು ಕ್ರೈಸ್ತನಲ್ಲ. ಆದರೂ ಈತನ ಒಂದು ತರ್ಕಕ್ಕೆ ಮನಸೋತಿದ್ದೇನೆ. ಮೇರಿ ತಾಯಿಗೆ, ತನ್ನ ತಾಯಿಯ ಗರ್ಭದಲ್ಲಿ ಮೂಡಿದ ಕ್ಷಣದಿಂದಲೇ, ಜನ್ಮಪಾಪದ, ಅಂದರೆ ಆದಾಮನಿಂದ ಎಲ್ಲ ಮನುಷ್ಯರಿಗೂ ಹುಟ್ಟಿನಿಂದಲೇ ಬರುತ್ತದೆಂದು ಕ್ರೈಸ್ತರು ನಂಬುವ ಪಾಪದ, ಸೋಂಕಿರಲಿಲ್ಲವೇ ಎಂಬುದು ಆಗಿನ ಬಿಸಿಬಿಸಿ ವಾದ. ಇದೇ ಕಲೋನ್‌ನಲ್ಲಿ ಓದಿದ್ದ ಥಾಮಸ್ ಅಕ್ವಿನಾಸ್‌ನಂಥ ಘಟಾನುಘಟಿಯೇ ಒಪ್ಪಿರಲಿಲ್ಲ. ಪಾಪವೇ ಅಂಟದಿದ್ದರೆ ಆಕೆಗೆ ಕ್ರಿಸ್ತನ ಉದ್ಧಾರವಾದರೂ ಏಕೆ ಬೇಕು? ಬಿದ್ದವರನ್ನು ಎತ್ತುವುದಕ್ಕಿಂತ ಬೀಳದಂತೆ ಕಾಯುವುದೇ ಹೆಚ್ಚಿನ ಉದ್ಧಾರ ಎಂಬುದು ಸ್ಕೋಟಸ್‌ನ ಉತ್ತರದ ತಿರುಳು. ಮೇರಿಗೆ ಆ ಸೋಂಕಿರಲಿಲ್ಲ ಎಂಬುದನ್ನು ಪೋಪ್ 9ನೇ ಪಿಯುಸ್ ಚರ್ಚಿನ ಅಧಿಕೃತ ನಂಬಿಕೆಯೆಂದು ಸಾರಿದ್ದು 1854ರಲ್ಲಿ. ವಾದ ಗೆದ್ದವನಿಗೆ ಮಾತ್ರ ಸಂತ ಪದವಿ ಇನ್ನೂ ಒಂದು ಮೆಟ್ಟಿಲು ಮೇಲೇ ಇದೆ. 1993ರಲ್ಲಿ ಸಿಕ್ಕಿದ್ದು ಅದಕ್ಕಿಂತ ಕೆಳಗಿನ ‘ಧನ್ಯ’ ಪದವಿ.

2008ರ ಆ ಪತ್ರ ಬಂದದ್ದು ಕಲೋನ್‌ನ ಆಗಿನ ಆರ್ಚ್‌ಬಿಷಪ್ ಕಾರ್ಡಿನಲ್ ಯೋಆಕಿಮ್ ಮೈಸ್ನರ್ ಹೆಸರಿಗೆ. ಅವರೂ ಈ ಊರಿನವರಲ್ಲ. ಹುಟ್ಟಿದ್ದು ಈಗ ಪೋಲೆಂಡಿನಲ್ಲಿರುವ ಬ್ರೆಸ್ಲೌನಲ್ಲಿ, ಎರಡನೇ ಮಹಾಯುದ್ಧದ ಕೊನೆಗೆ ನಿರಾಶ್ರಿತ ಹುಡುಗನಾಗಿ ಅಲ್ಲಿಂದ ಹೊರಬಿದ್ದವರು. ಬರೆದ ಪೋಪರೋ, ರೋಮಿನಲ್ಲಿ ನೆಲೆಸಿದ ಬವೇರಿಯಾದವರು.